ಹುಟ್ಟದೇ ಇದ್ದ ತಮ್ಮ ಮ್ಯಾಚ್ ನೋಡಿದ್ದು: 1983ನ್ನು ನಾನು ಹುಡುಕಿದ ಕತೆ

ನನ್ನ ತಲೆಯಲ್ಲಿ ಒಂದು ಚಿತ್ರ ಗಟ್ಟಿಯಾಗಿ ಕೂತಿತ್ತು. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಪಕ್ಕದ ಮನೆಯ ಪಡಸಾಲೆ. ಮೂಲೆಯಲ್ಲಿ ನಾಲ್ಕು ಕಾಲಿನ ಟಿ.ವಿ. ಪೆಟ್ಟಿಗೆ, ಅದರ ಮರದ ಶಟರ್ ಎರಡೂ ಕಡೆ ಸರಿಸಿದೆ. ನೆಲದ ಮೇಲೆ ಹದಿನೈದು ಇಪ್ಪತ್ತು ಜನ ಒತ್ತಿಕೊಂಡು ಕೂತಿದ್ದೇವೆ. ಮೊಹಿಂದರ್ ಅಮರನಾಥ್ ಕೊನೇ ವಿಕೆಟ್ ತೆಗೆದು ಸ್ಟಂಪ್ ಕಿತ್ಕೊಂಡು ಓಡುತ್ತಾನೆ, ನಾವೆಲ್ಲ ಒಟ್ಟಿಗೆ ಕಿರುಚುತ್ತೇವೆ, ಎಲ್ಲರಿಗಿಂತ ಮುಂದೆ ಕೂತಿದ್ದ ನನ್ನ ತಮ್ಮನ ಕೈಯಿಂದ ಮಂಡಕ್ಕಿ ತಟ್ಟೆ ಬಿದ್ದು ಪಡಸಾಲೆ ತುಂಬಾ ಮಂಡಕ್ಕಿ.

ಒಂದೇ ತೊಂದರೆ. ವರ್ಲ್ಡ್ ಕಪ್ ಫೈನಲ್ ನಡೆದದ್ದು 1983ರ ಜೂನ್ 25ರಂದು. ತಮ್ಮ ಹುಟ್ಟಿದ್ದು ಅದೇ ವರ್ಷ ಆಗಸ್ಟ್‌ನಲ್ಲಿ.

2023ರಲ್ಲಿ ಅವನಿಗೆ 40 ತುಂಬುತ್ತಿತ್ತು. ಶರ್ಟು, ವಾಚು ಎಲ್ಲ ಕೊಟ್ಟಾಗಿತ್ತು, ಈ ಸಲ ಬೇರೆ ಏನಾದ್ರೂ ಮಾಡೋಣ ಅಂತ 'ನೀನು ಹುಟ್ಟಿದ ವರ್ಷ' ಎಂದು ಇಪ್ಪತ್ತು ಪುಟದ ಒಂದು ಪುಸ್ತಕ ಬರೆಯಲು ಕೂತೆ. ಆಗ ನನಗೆ ಹನ್ನೊಂದು ವರ್ಷ, ಎಲ್ಲ ನೆನಪಿದೆ ಎಂಬ ಧೈರ್ಯ. ಎರಡು ರಾತ್ರಿಯಲ್ಲಿ ಬರೆದು ಮುಗಿಸಿ, ಮಂಡಕ್ಕಿ ಪುಟವನ್ನು ಅವನಿಗೆ ಫೋನಿನಲ್ಲಿ ಓದಿ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅಣ್ಣಾ, ನಾನಾಗ ಅಮ್ಮನ ಹೊಟ್ಟೇಲಿದ್ದೆ" ಅಂದ.

ಅಲ್ಲಿಂದ ಶುರುವಾಯಿತು ನೋಡಿ. ಬರೆದದ್ದನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಿದರೆ ಹೆಚ್ಚುಕಡಿಮೆ ಅರ್ಧ ತಪ್ಪು. 'ಪ್ರೇಮಲೋಕ'ದ ಕ್ಯಾಸೆಟ್ ಬೀದಿ ಬೀದಿಯಲ್ಲಿ ಕೂಗುತ್ತಿತ್ತು ಎಂದು ಬರೆದಿದ್ದೆ, ಆ ಸಿನಿಮಾ ಬಂದದ್ದು 1987ರಲ್ಲಿ. 'ಕೂಲಿ' ಶೂಟಿಂಗ್‌ನಲ್ಲಿ ಬೆಂಗಳೂರಿನಲ್ಲಿ ಅಮಿತಾಭ್‌ಗೆ ಪೆಟ್ಟಾಗಿ ದೇಶವೆಲ್ಲ ಪೂಜೆ ಮಾಡಿಸಿದ್ದನ್ನೂ ಸೇರಿಸಿದ್ದೆ. ಪೆಟ್ಟು ಬಿದ್ದದ್ದು 1982ರ ಜುಲೈನಲ್ಲಿ, ಸಿನಿಮಾ ತೆರೆಗೆ ಬಂದದ್ದು 1983ರಲ್ಲಿ. ಪೆಟ್ಟು ಬಿದ್ದ ಆ ದೃಶ್ಯವನ್ನು ಸಿನಿಮಾದಲ್ಲಿ ನಿಲ್ಲಿಸಿ ತೋರಿಸುತ್ತಾರಲ್ಲ, ಅದನ್ನು ನೋಡಿದ್ದಕ್ಕೇ ಎರಡೂ ನನ್ನ ತಲೆಯಲ್ಲಿ ಒಂದೇ ಆಗಿಬಿಟ್ಟಿದ್ದವು.

ಮೊದಲು ಇಂಟರ್ನೆಟ್ ನೋಡಿದೆ. ದೊಡ್ಡ ಸುದ್ದಿಗಳು ಐದೇ ನಿಮಿಷಕ್ಕೆ ಸಿಕ್ಕವು. ಜನವರಿ 10ಕ್ಕೆ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ. ಅದಕ್ಕೆ ಒಂದು ದಿನ ಮುಂಚೆ ಆಂಧ್ರದಲ್ಲಿ ಎನ್‌.ಟಿ.ಆರ್. ಡಿಸೆಂಬರ್‌ನಲ್ಲಿ ಮಾರುತಿ 800. ಆ ವರ್ಷದ ಜ್ಞಾನಪೀಠ ಮಾಸ್ತಿಯವರಿಗೆ. ಇದೆಲ್ಲ ಸರಿ, ಆದರೆ ಇದು ಯಾರು ಬೇಕಾದ್ರೂ ಯಾರಿಗೆ ಬೇಕಾದ್ರೂ ಕೊಡಬಹುದಾದ ಪಟ್ಟಿ. ನಮ್ಮ ಮನೆ ಅದರಲ್ಲಿ ಎಲ್ಲಿದೆ? ಊರಿನ ಹೆಸರು ಹಾಕಿ ಹುಡುಕಿದರೂ ಏನೂ ಸಿಗಲಿಲ್ಲ. ಆಮೇಲೆ ಹೊಳೆಯಿತು, ಆಗ ನಾವಿನ್ನೂ ಚಿತ್ರದುರ್ಗ ಜಿಲ್ಲೆ, ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ಕಡೆಯವರು ಹಳೇ ಸುದ್ದಿ ಹುಡುಕುವುದಾದರೆ ದುರ್ಗದ ಹೆಸರಿನಲ್ಲೇ ಹುಡುಕಬೇಕು.

ಗ್ರಂಥಾಲಯಕ್ಕೂ ಹೋದೆ. ಒಂದು ಕಡೆ ಹಳೇ ಪೇಪರಿನ ಬೈಂಡ್‌ಗಳನ್ನು ಜಾಗ ಇಲ್ಲ ಅಂತ ಯಾವತ್ತೋ ರದ್ದಿಗೆ ಹಾಕಿದ್ದರು. ಬೆಂಗಳೂರಿನ ಇನ್ನೊಂದು ಕಡೆ ಸಿಕ್ಕವು. ಅಲ್ಲಿ ಕಲಿತದ್ದು ಎರಡು ಮಾತು. ಘಟನೆ ನಡೆದ ದಿನದ ಪೇಪರ್ ಅಲ್ಲ, ಮಾರನೇ ದಿನದ್ದು ನೋಡಬೇಕು, ರಾತ್ರಿ ತಡವಾಗಿ ಮುಗಿದ ಸುದ್ದಿಗಾದರೆ ಅದರ ಮಾರನೇ ದಿನದ್ದೂ. ಇನ್ನೊಂದು, ಮುಖಪುಟಕ್ಕಿಂತ ಒಳಗಿನ ಸಿನಿಮಾ ಜಾಹೀರಾತು ಜಾಸ್ತಿ ಮಾತಾಡುತ್ತದೆ. 'ಕವಿರತ್ನ ಕಾಳಿದಾಸ' 1983ರ ಚಿತ್ರ, ಸರಿ. ಆದರೆ ಬೆಂಗಳೂರಿನಲ್ಲಿ ಬಿಡುಗಡೆಯಾದ ದಿನವೇ ನಮ್ಮ ಓಣಿಯವರೆಲ್ಲ ನೋಡಿದರು ಅಂತ ಬರೆಯಬಾರದು. ಎಷ್ಟೋ ಸಿನಿಮಾ ನಮ್ಮೂರಿಗೆ ಬರುವಷ್ಟರಲ್ಲಿ ಹಾಡು ಹಳೇದಾಗಿರುತ್ತಿತ್ತು. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಹಾಕಿದಾಗ ಅದೇ ಹಾಡು ಗುನುಗುತ್ತಾ ನಿಂತಿರುತ್ತಿದ್ದೆವು, ಸಿನಿಮಾ ಮಾತ್ರ ನೋಡಿರುತ್ತಿರಲಿಲ್ಲ.

ನಿಜವಾದ ಮಾಲು ಸಿಕ್ಕಿದ್ದು ಮನೆಯಲ್ಲೇ. ಅಮ್ಮನ ಕಬ್ಬಿಣದ ಟ್ರಂಕ್ ಖಾಲಿ ಮಾಡಿದಾಗ ತಳಕ್ಕೆ ಹಾಸಿದ್ದ ಪೇಪರ್ ಕಾಣಿಸಿತು. ಅಂಚೆಲ್ಲ ಕಂದು, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು, ನುಸಿಗುಳಿಗೆ ವಾಸನೆ ಬೇರೆ. ಕ್ರೀಡಾಪುಟ. ಗಾವಸ್ಕರ್ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 30ನೇ ಟೆಸ್ಟ್ ಶತಕ ಹೊಡೆದು ಬ್ರಾಡ್ಮನ್ ದಾಖಲೆ ಮುರಿದ ಸುದ್ದಿ. 1983ರ ಡಿಸೆಂಬರ್ ಕೊನೇ ವಾರ. ಅಂದ್ರೆ ತಮ್ಮನಿಗೆ ನಾಲ್ಕು ತಿಂಗಳು ತುಂಬಿದ ಹೊತ್ತಿಗೆ ಅಮ್ಮ ಬಾಣಂತನ ಮುಗಿಸಿ ತವರಿಂದ ವಾಪಸ್ ಬಂದು ಟ್ರಂಕ್ ಜೋಡಿಸಿದ್ದಾಳೆ. ಆ ಪೇಪರನ್ನು ಫೋಟೋ ತೆಗೆದು ಪುಸ್ತಕಕ್ಕೆ ಹಾಕಿದೆ, ಟ್ರಂಕಿನ ತುಕ್ಕಿನ ಕಲೆ ಸಮೇತ.

ಅದೇ ಟ್ರಂಕಿನಲ್ಲಿ ಅಪ್ಪನ ರೇಡಿಯೋ ಲೈಸೆನ್ಸ್ ಪುಸ್ತಕವೂ ಇತ್ತು. ಈಗಿನವರಿಗೆ ಹೇಳಿದರೆ ನಗುತ್ತಾರೆ. ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿಗೆ ಹೋಗಿ ವರ್ಷವರ್ಷ ದುಡ್ಡು ಕಟ್ಟಿ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು, ಎಂಬತ್ತರ ದಶಕದ ನಡುವೆ ಅದು ರದ್ದಾಯಿತು. ಅಪ್ಪನದರಲ್ಲಿ 1983ರ ದುಂಡು ಮುದ್ರೆ ಸ್ಪಷ್ಟವಾಗಿದೆ. ನಾನು ಅದನ್ನು ಹಿಡಿದುಕೊಂಡು ಅರ್ಧ ಗಂಟೆ ಕೂತಿದ್ದೆ. ನಮ್ಮ ಮನೆಯ 1983 ಅಂದರೆ ರೇಡಿಯೋ. ಭದ್ರಾವತಿ ಆಕಾಶವಾಣಿ, ಪ್ರದೇಶ ಸಮಾಚಾರ, ಅಡುಗೆಮನೆಗೆ ಕೇಳುವಷ್ಟು ಜೋರಾಗಿ. ಟಿ.ವಿ. ಎಲ್ಲಿಂದ ಬಂತು ಹಾಗಾದರೆ?

ಜನರನ್ನು ಕೇಳುವುದಕ್ಕೂ ಒಂದು ದಾರಿ ಇದೆ ಅಂತ ಗೊತ್ತಾದದ್ದು ತಡವಾಗಿ. ಇಸವಿ ಹೇಳಿ ಕೇಳಬಾರದು. "83ರಲ್ಲಿ ಏನಾಯ್ತು?" ಅಂದರೆ ಎಲ್ಲರೂ ಕಪಿಲ್ ದೇವ್ ಅನ್ನುತ್ತಾರೆ, ಅಷ್ಟೇ. ಅಪ್ಪ "ಹೆಗಡೆ ಮುಖ ನೋಡಿ ವೋಟು ಹಾಕಿದ್ವಿ" ಅಂದರು. ಅದು 1985ರ ಚುನಾವಣೆ, ಯಾಕೆಂದರೆ 1983ರಲ್ಲಿ ಮುಖ್ಯಮಂತ್ರಿಯಾಗುವಾಗ ಹೆಗಡೆ ಶಾಸಕರೇ ಆಗಿರಲಿಲ್ಲ, ಆಮೇಲೆ ಕನಕಪುರದಲ್ಲಿ ಗೆದ್ದು ಬಂದರು. ನಮ್ಮ ಓಣಿಯ ಹಿರಿಯರೊಬ್ಬರು ಜಿಂಬಾಬ್ವೆ ವಿರುದ್ಧ ಕಪಿಲ್ ಹೊಡೆದ 175 ರನ್ನನ್ನು ಕಣ್ಣಾರೆ ಟಿ.ವಿ.ಯಲ್ಲಿ ನೋಡಿದ್ದೇನೆ ಅಂತ ಆಣೆ ಮಾಡಿದರು. ಆ ಮ್ಯಾಚಿನ ಚಿತ್ರೀಕರಣವೇ ಆಗಿಲ್ಲ. ನಾನು ಅವರಿಗೆ ಹೇಳಲಿಲ್ಲ. ಹೇಳೋ ಯೋಗ್ಯತೆಯೂ ನನಗಿರಲಿಲ್ಲ, ಅಲ್ವಾ? ಬೆಣ್ಣೆ ದೋಸೆ ರೇಟು ಎಷ್ಟಿತ್ತು ಅಂತಲೂ ಹತ್ತು ಜನರನ್ನು ಕೇಳಿದೆ, ಹತ್ತು ರೇಟು ಸಿಕ್ಕವು. ಆ ಸಾಲನ್ನೇ ಹೊಡೆದು ಹಾಕಿದೆ.

ಇಸವಿ ಬಿಟ್ಟು ಮನೆಯ ಸಂಗತಿ ಹಿಡಿದು ಕೇಳಿದರೆ ಬೇರೆಯದೇ ಬಾಯಿ ತೆರೆಯುತ್ತದೆ. ಅಮ್ಮನನ್ನು "ಇವನು ಹೊಟ್ಟೇಲಿದ್ದಾಗ ವರ್ಲ್ಡ್ ಕಪ್ ಬಂತಲ್ಲ, ಆಗ ನಾವು ಎಲ್ಲಿದ್ವಿ?" ಅಂತ ಕೇಳಿದೆ. ಅಮ್ಮ ಬೀನ್ಸ್ ಮುರಿಯುತ್ತಿದ್ದಳು, ತಲೆ ಎತ್ತಲಿಲ್ಲ. "ಅವತ್ತು ಕಾರ ಹುಣ್ಣಿಮೆ ಅಲ್ವಾ. ಊರಲ್ಲಿದ್ವಿ."

ಹಳೇ ವರ್ಷದ ಪಂಚಾಂಗ ಈಗ ಫೋನಿನಲ್ಲೇ ಸಿಗುತ್ತದೆ. ತೆಗೆದು ನೋಡಿದೆ. ರುಧಿರೋದ್ಗಾರಿ ಸಂವತ್ಸರ, ಜ್ಯೇಷ್ಠ ಶುದ್ಧ ಹುಣ್ಣಿಮೆ, 1983 ಜೂನ್ 25, ಶನಿವಾರ. ಮೈ ಜುಂ ಅಂದಿತು. ನಲವತ್ತು ವರ್ಷದ ಹಿಂದಿನ ತಾರೀಖು ಅಮ್ಮನಿಗೆ ಗೊತ್ತಿರಲಿಲ್ಲ, ಆದರೆ ಹುಣ್ಣಿಮೆ ಗೊತ್ತಿತ್ತು. (ವಾರದ ಲೆಕ್ಕಕ್ಕೆ ನನ್ನದೊಂದು ಸುಲಭದ ದಾರಿ: 1983ರ ಮತ್ತು 2022ರ ಕ್ಯಾಲೆಂಡರ್ ವಾರಗಳು ಒಂದೇ. 2022ರದು ನಮ್ಮ ಅಡುಗೆಮನೆಯಲ್ಲಿ ಇನ್ನೂ ನೇತಾಡುತ್ತಿತ್ತು, ಆರು ತಿಂಗಳು ಅದನ್ನೇ ನೋಡಿ ಕೆಲಸ ಮಾಡಿದೆ.)

ಆ ಎಳೆ ಹಿಡಿದು ಎಳೆದರೆ ಉಳಿದದ್ದೆಲ್ಲ ಬಂತು. ಶನಿವಾರ ಬೆಳಗಿನ ಸ್ಕೂಲ್ ಮುಗಿಸಿ ಜಗಳೂರು ಬಸ್ ಹಿಡಿದು ಅಜ್ಜನ ಊರಿಗೆ ಹೋಗಿದ್ದೆವು. ಎತ್ತಿನ ಕೋಡಿಗೆ ಬಣ್ಣ ಹಚ್ಚಿದ್ದರು, ಒಂದು ಕೆಂಪು ಒಂದು ಹಸಿರು, ನನ್ನ ಅಂಗಿಗೂ ಅಂಟಿ ಅಮ್ಮ ಬೈದಿದ್ದಳು. ಸಂಜೆ ಕರಿ ಹರಿದರು. ಅಲ್ಲಿಗೆ ಟಿ.ವಿ. ಇರಲಿ, ಕರೆಂಟೇ ಲೆಕ್ಕಕ್ಕೆ ಬಂದು ಹೋಗುತ್ತಿತ್ತು. ಅಜ್ಜನ ಟ್ರಾನ್ಸಿಸ್ಟರ್ ಕಟ್ಟೆಯ ಮೇಲೆ ಇತ್ತು. ಮಾವ ಕಾಮೆಂಟರಿ ಹಾಕಿದ್ದರು. ನಾವು 183ಕ್ಕೆ ಆಲ್ ಔಟ್ ಅಂದಾಗಲೇ ಅರ್ಧ ಜನ ಎದ್ದು ಹೋದರು. ರಿಚರ್ಡ್ಸ್ ಬೌಂಡರಿ ಮೇಲೆ ಬೌಂಡರಿ ಹೊಡೆಯುತ್ತಿದ್ದಾಗ ಅಜ್ಜ ಬಂದು, "ಸೆಲ್ಲು ಸುಮ್ನೆ ಯಾಕೆ ದಂಡ" ಅಂತ ಟಕ್ ಅಂತ ಆರಿಸಿಬಿಟ್ಟರು. ಬೆಳದಿಂಗಳಿತ್ತು. ಅಂಗಳದಲ್ಲೇ ಮಲಗಿದೆವು. ಸ್ವಲ್ಪ ಹೊತ್ತಿಗೆ ಕಪಿಲ್ ಹಿಂದಕ್ಕೆ ಓಡಿ ರಿಚರ್ಡ್ಸ್ ಕ್ಯಾಚ್ ಹಿಡಿದದ್ದು, ಮಧ್ಯರಾತ್ರಿ ಹತ್ತಿರ 140ಕ್ಕೆ ಅವರು ಮುಗಿದು ನಾವು 43 ರನ್ನಿನಿಂದ ಗೆದ್ದದ್ದು, ಯಾವುದೂ ಗೊತ್ತಿಲ್ಲ. ಬೆಂಗಳೂರಿನ ಬಿನ್ನಿ ಆ ಟೂರ್ನಿಯಲ್ಲಿ 18 ವಿಕೆಟ್ ತೆಗೆದು ಎಲ್ಲರಿಗಿಂತ ಮುಂದಿದ್ದದ್ದೂ ಗೊತ್ತಿಲ್ಲ. ಭಾನುವಾರ ಬೆಳಗಿನ ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತಾ ಹೇಳಿದ್ದು. ಮಾವ ನಂಬಲಿಲ್ಲ.

ಟಿ.ವಿ. ಚಿತ್ರ ಎಲ್ಲಿಯದು ಅಂತಲೂ ಕೊನೆಗೆ ಸಿಕ್ಕಿತು. 1987ರಲ್ಲಿ ನಮ್ಮ ದೇಶದಲ್ಲೇ ವರ್ಲ್ಡ್ ಕಪ್ ನಡೆದಾಗ ಪಕ್ಕದ ಮನೆಯಲ್ಲಿ ಟಿ.ವಿ. ಇತ್ತು, ತಮ್ಮನಿಗೆ ನಾಲ್ಕು ವರ್ಷ, ಆಗ ಹಳೇ ಕಪ್ಪಿನ ತುಣುಕುಗಳನ್ನು ತೋರಿಸುತ್ತಿದ್ದರು. ಮಂಡಕ್ಕಿ ತಟ್ಟೆ ಬಿದ್ದದ್ದು ನಿಜ, ಪಕ್ಕದ ಮನೆಯವರಿಗೂ ನೆನಪಿದೆ.

ಪುಸ್ತಕದಲ್ಲಿ ಆ ಪುಟವನ್ನು ಮತ್ತೆ ಬರೆದೆ. ಹುಟ್ಟುಹಬ್ಬದ ದಿನ ತಮ್ಮ ಓದಿ ಅಮ್ಮನ ಕಡೆ ತಿರುಗಿ, ನಾನು ಒಳಗಿಂದ ಕಾಮೆಂಟರಿ ಕೇಳಿದ್ನಾ ಅಂದ. ಅಮ್ಮ, "ಕಾಮೆಂಟರಿ ಎಲ್ಲಿಂದ ಬರಬೇಕು, ಅವತ್ತು ಹೋಳಿಗೆ ಜಾಸ್ತಿ ತಿಂದು ಎಂಟು ಗಂಟೆಗೇ ಮಲಗಿದ್ದೆ" ಅಂದಳು. ಆ ಸಾಲನ್ನು ಅಂಚಿನಲ್ಲಿ ಪೆನ್ನಿನಿಂದ ಸೇರಿಸಿದ್ದೇವೆ.