ಹಾಸಿಗೆ ಲೆಕ್ಕದಿಂದ ನಡಿಗೆ ಲೆಕ್ಕಕ್ಕೆ

ಉಡುಪಿಯ ಒಂದು ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ನನ್ನ ಕೆಲಸ. ಎಷ್ಟು ಅಡ್ಮಿಷನ್, ಎಷ್ಟು ಡಿಸ್ಚಾರ್ಜ್, ಎಷ್ಟು ಹಾಸಿಗೆ ತುಂಬಿತ್ತು ಅಂತ ಪ್ರತಿ ತಿಂಗಳು ಪಟ್ಟಿ ಕೊಡಬೇಕು. ಒಂದು ಮಳೆಗಾಲ ಆರ್ಥೋ, ಅಂದರೆ ಮೂಳೆ ಚಿಕಿತ್ಸೆಯ ವಾರ್ಡಿನ ಹಾಸಿಗೆ ಲೆಕ್ಕ ಇಳಿದಿತ್ತು. 'ಅಲ್ಲಿ ಕೆಲಸ ಕಡಿಮೆಯಾಗಿದೆ' ಎಂಬ ಮಾತು ಮೀಟಿಂಗಿನಲ್ಲಿ ಬಂತು. ಆ ವಾರ್ಡಿನ ಸಿಸ್ಟರ್‌ಗಳು ಊಟಕ್ಕೂ ಕೂರದೆ ಓಡಾಡುವುದನ್ನು ದಿನಾ ನೋಡುವವಳು ನಾನು. ತುಂಬಾ ಬೇಸರವಾಯಿತು.

ಕೇಸ್ ಶೀಟ್ ಹರಡಿಕೊಂಡು ಕೂತೆ. 30 ಹಾಸಿಗೆ, 30 ದಿನ ಅಂದರೆ 900 ಹಾಸಿಗೆ-ದಿನ. 90 ರೋಗಿಗಳು ತಲಾ 8 ದಿನ ಇದ್ದರೆ 720, ಶೇಕಡಾ 80. ಅದೇ 90 ಜನ ಗುಣವಾಗಿ 6 ದಿನಕ್ಕೇ ಮನೆಗೆ ಹೋದರೆ 540, ಶೇಕಡಾ 60. ಚಿಕಿತ್ಸೆ ಸುಧಾರಿಸಿದಷ್ಟೂ ಅಂಕಿ ಇಳಿಯುತ್ತದೆ. ಗಾಯ ಕೀವಾಗಿ ಮರಳಿ ಬಂದ ರೋಗಿ ಮಾತ್ರ ಎರಡು ಅಡ್ಮಿಷನ್ ಆಗಿ ಪಟ್ಟಿಯನ್ನು ಬೆಳೆಸುತ್ತಾನೆ.

ಮೊದಲು ಅದನ್ನು ಸರಿಮಾಡಿದೆ. ಅದೇ ತೊಂದರೆಗೆ 30 ದಿನದೊಳಗೆ ಮರಳಿದವರನ್ನು ಹಳೆಯ ದಾಖಲೆಗೇ ಸೇರಿಸಿ ಒಂದೇ ಚಿಕಿತ್ಸೆ ಎಂದು ಎಣಿಸಿದೆ. ಬೆರಳಿನ ಪ್ಲಾಸ್ಟರೂ ಸೊಂಟದ ಆಪರೇಷನ್ನೂ ಒಂದೇ ಅಲ್ಲವಲ್ಲ, ಖರ್ಚು ನೋಡಿ ಒಂದೊಂದಕ್ಕೆ ತೂಕ ಕೊಟ್ಟೆ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 1983ರಿಂದ ಕಾಯಿಲೆಗಳನ್ನು ಹೀಗೆ ಗುಂಪು ಮಾಡಿಯೇ ಆಸ್ಪತ್ರೆಗಳಿಗೆ ದುಡ್ಡು ಕೊಡುತ್ತಿದೆ. ನನ್ನದು ಒಂದು ಪುಟದ ಪಟ್ಟಿ, ಅಷ್ಟೇ.

ಆದರೂ ರೋಗಿಗೆ ಏನು ಸಿಕ್ಕಿತು ಅನ್ನುವುದು ಅದರಲ್ಲಿರಲಿಲ್ಲ. ಬಾಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್ಮನ್ 100 ವರ್ಷಗಳ ಹಿಂದೆಯೇ ಪ್ರತಿ ರೋಗಿಗೂ ಒಂದು ಕಾರ್ಡ್ ಇಟ್ಟು, ವರ್ಷ ಕಳೆದ ಮೇಲೆ ಹೇಗಿದ್ದಾರೆ ಎಂದು ವಿಚಾರಿಸುತ್ತಿದ್ದರು. ನಾನು ಸೊಂಟದ ಮೂಳೆ ಮುರಿದವರನ್ನು ಆರಿಸಿಕೊಂಡೆ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಅಂಗಳದ ಪಾಚಿಗೆ ಜಾರಿ ಬೀಳುವ ಅಜ್ಜಿಯರು ನಮ್ಮಲ್ಲಿ ಬಹಳ. ಮೂರು ತಿಂಗಳಿಗೆ ಫೋನ್ ಮಾಡಿ ಮೂರೇ ಪ್ರಶ್ನೆ: ನೋವಿದೆಯಾ, ಬಚ್ಚಲಿಗೆ ಒಬ್ಬರೇ ಹೋಗುತ್ತಾರಾ, ಬೇರೆ ಆಸ್ಪತ್ರೆಗೆ ಹೋಗಬೇಕಾಯಿತಾ. ಕೊನೆಯದನ್ನು ಕೇಳಲೇಬೇಕು. ಬೇರೆಡೆ ಅಡ್ಮಿಟ್ ಆದವರು ನಮ್ಮ ದಾಖಲೆಗೆ ಸಿಗುವುದೇ ಇಲ್ಲ.

ಶಂಕರಪುರದ ಒಂದು ಮನೆಯಲ್ಲಿ ಸೊಸೆ ಫೋನ್ ತೆಗೆದರು. 'ಬಚ್ಚಲಿಗೆ ಹೋಗ್ತಾರೆ ಮೇಡಂ. ಆದ್ರೆ ಬೆಳಿಗ್ಗೆ ಮಲ್ಲಿಗೆ ಕೊಯ್ಲಿಕ್ಕೆ ಆಗುದಿಲ್ಲ. ಅದೇ ಅವ್ರಿಗೆ ಬೇಜಾರು.'

ನನ್ನ ಹಾಳೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಸ್ಕೇಲ್ ಇಟ್ಟು ನಾಲ್ಕನೇ ಕಾಲಂ ಎಳೆದೆ: ಬೀಳುವ ಮೊದಲು ಮಾಡುತ್ತಿದ್ದ ಕೆಲಸ, ಈಗ ಆಗುತ್ತದೆಯೇ?