ಮಣಿಕಟ್ಟು ನೋವಾ? ಮೊದಲು ಒಂದು ಬೆರಳಿಟ್ಟು ತೋರಿಸಿ

ಎರಡು ವರ್ಷದ ಹಿಂದೆ ನನ್ನ ಬಲಗೈಯೇ ನನಗೆ ಕೈಕೊಟ್ಟಿತು. ಕುಕ್ಕರ್ ಎತ್ತಿದರೆ ನೋವು, ಚಿಲಕ ತೆಗೆದರೆ ನೋವು, ಒದ್ದೆ ಟವೆಲ್ ಹಿಂಡಿದರಂತೂ ಕಣ್ಣಲ್ಲಿ ನೀರು. ಮನೆಯಲ್ಲಿದ್ದ ಮುಲಾಮನ್ನೆಲ್ಲ ಮೊಣಕೈವರೆಗೂ ಬಳಿದುಕೊಂಡು ಒಂದು ತಿಂಗಳು ತಳ್ಳಿದೆ. ಆಮೇಲೆ ಡಾಕ್ಟರ ಹತ್ತಿರ ಹೋದೆ. "ಎಲ್ಲಿ ನೋವು?" ಅಂದರು. "ಇಲ್ಲೆಲ್ಲಾ" ಅಂತ ಕೈ ಸುತ್ತ ಸವರಿ ತೋರಿಸಿದೆ. "ಹಾಗಲ್ಲಮ್ಮ, ಒಂದೇ ಬೆರಳಿಟ್ಟು ತೋರಿಸಿ."

ಒತ್ತಿ ಒತ್ತಿ ನೋಡಿದೆ. ಬೆರಳು ಹೆಬ್ಬೆರಳ ಬುಡದ ಕೆಳಗೆ ಹೋಗಿ ನಿಂತಿತು. "ಮನೆಯಲ್ಲಿ ಮೊಮ್ಮಗು ಇದೆಯಾ?" ಅಂತ ಕೇಳಿದರು. ಇತ್ತು. ಆರು ತಿಂಗಳಿನದು, ಏಳೂವರೆ ಕಿಲೋ!

ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಬೆರಳು ಆಡಿಸುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅಲ್ಲಿಂದ ಬಿಗಿಯಾದ ಎಳೆಗಳು ಮಣಿಕಟ್ಟು ದಾಟಿ ಬೆರಳಿಗೆ ಹೋಗುತ್ತವೆ, ಸೂತ್ರದ ಗೊಂಬೆಯ ದಾರದ ಹಾಗೆ. ನಮ್ಮ ಕಡೆ ಇವಕ್ಕೂ ನರ, ರಕ್ತನಾಳಕ್ಕೂ ನರ, ನಿಜವಾದ ನರಕ್ಕೂ ನರ. ಗೊಂದಲ ಶುರುವಾಗುವುದೇ ಇಲ್ಲಿ. ಇಲ್ಲಿ ಆ ಎಳೆಗಳನ್ನು 'ಹುರಿ' ಅನ್ನೋಣ, ಸ್ಪರ್ಶ, ನೋವಿನ ಸುದ್ದಿ ಒಯ್ಯುವುದನ್ನು ಮಾತ್ರ 'ನರ' ಅನ್ನೋಣ. ಮೂಳೆ, ಹುರಿ, ನರ ಮೂರರಲ್ಲಿ ಯಾವುದು ಕೂಗುತ್ತಿದೆ ಅಂತ ಗೊತ್ತಾಗದೆ ಬೆಲ್ಟ್ ಕೊಂಡರೆ ದುಡ್ಡು ದಂಡ.

ಹೆಜ್ಜೆ 1: ಬಿದ್ದಿದ್ದೀರಾ, ನೆನಪು ಮಾಡಿಕೊಳ್ಳಿ

ಬಚ್ಚಲಲ್ಲಿ ಜಾರಿ, ಸ್ಕೂಟರಿಂದ ಬಿದ್ದು, ಅಂಗೈ ಊರಿದ್ದೀರಾ? ಹಾಗಿದ್ದರೆ ಮೊದಲು ಬಳೆ, ಉಂಗುರ, ವಾಚು ತೆಗೆಯಿರಿ. ಊತ ಬಂದ ಮೇಲೆ ಅವು ಬರುವುದಿಲ್ಲ, ಕತ್ತರಿಸಬೇಕಾಗುತ್ತದೆ. ಕೈಗೆ ಆಸರೆ ಕೊಟ್ಟು ಎಕ್ಸ್‌ರೇಗೆ ಹೋಗಿ.

50 ದಾಟಿದ ಎಷ್ಟೋ ಹೆಂಗಸರಲ್ಲಿ ಮೂಳೆ ಸವೆದಿರುತ್ತದೆ. ಹೀಗೆ ಬಿದ್ದಾಗ ಮಣಿಕಟ್ಟಿಗಿಂತ ಸ್ವಲ್ಪ ಮೇಲೆ ಮುರಿಯಬಹುದು, ಆಗ ಕೈ ಊಟದ ಫೋರ್ಕಿನ ಹಾಗೆ ಸೊಟ್ಟಗಾಗುತ್ತದೆ. ಐರ್ಲೆಂಡಿನ ಅಬ್ರಹಾಂ ಕಾಲಿಸ್ ಎಂಬ ಶಸ್ತ್ರವೈದ್ಯ ಇದನ್ನು 1814ರಲ್ಲೇ ವಿವರಿಸಿದ್ದ. ಎಕ್ಸ್‌ರೇ ಬರಲು ಆಗ ಇನ್ನೂ 81 ವರ್ಷ ಬಾಕಿ.

ಆ ಮುರಿತ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಯಾರೂ ಬಿಡುವುದಿಲ್ಲ. ನನಗೆ ಭಯ ಇನ್ನೊಂದರದು. ಹೆಬ್ಬೆರಳನ್ನು ಮೇಲಕ್ಕೆ ಸೆಟೆದು ಹಿಡಿಯಿರಿ. ಬುಡದಲ್ಲಿ ಎರಡು ಹುರಿಗಳ ನಡುವೆ ಒಂದು ಗುಳಿ ಬೀಳುತ್ತದೆ. ಬಿದ್ದ ಮೇಲೆ ಆ ಗುಳಿಯಲ್ಲಿ ಒತ್ತಿದರೆ ನೋವು ಅಂದರೆ ಸ್ಕಾಫಾಯ್ಡ್ ಎಂಬ ಗೋಡಂಬಿ ಆಕಾರದ ಮೂಳೆ ಬಿರುಕು ಬಿಟ್ಟಿರಬಹುದು. ಹುಡುಗರಲ್ಲಿ ಇದು ಜಾಸ್ತಿ. ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಡಾಕ್ಟರು ಪಟ್ಟಿ ಕಟ್ಟಿ, 10–14 ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಸುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ. ಈ ಮೂಳೆಗೆ ರಕ್ತ ಬರುವುದು ಬೆರಳಿನ ಕಡೆಯಿಂದ ಹಿಂದಕ್ಕೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತವೇ ತಲುಪದೆ ಆ ತುಂಡು ಸಾಯಬಹುದು. 'ಬರೀ ಉಳುಕು' ಅಂತ ಎಣ್ಣೆ ಹಚ್ಚಿ ಎಳೆಸಿಕೊಳ್ಳಬೇಡಿ, ದಯವಿಟ್ಟು.

ಹೆಜ್ಜೆ 2: ಬೆರಳಿಡಿ

ಬಿದ್ದಿಲ್ಲ, ಸುಮ್ನೆ ಶುರುವಾದ ನೋವು ಅಂದರೆ ಇನ್ನೊಂದು ಕೈಯ ತೋರುಬೆರಳಿಂದ ಮೆಲ್ಲಗೆ ಒತ್ತುತ್ತಾ ಹೋಗಿ.

ಹೆಬ್ಬೆರಳಿನ ಕಡೆ ನೋವಾದರೆ ಅದು ಬಹುಶಃ ನನಗೆ ಬಂದದ್ದೇ. ಹೆಸರು ಡಿ ಕ್ವರ್ವೇನ್, 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರವೈದ್ಯನದು. ಹೆಬ್ಬೆರಳನ್ನು ಅಗಲಿಸುವ ಎರಡು ಹುರಿಗಳು ಇಲ್ಲಿ ಒಂದು ಕಿರಿದಾದ ತೂಬಿನ ಒಳಗೆ ಹಾದುಹೋಗುತ್ತವೆ. ತೂಬಿನ ಗೋಡೆ ದಪ್ಪವಾದರೆ ಹುರಿ ತಿಕ್ಕುತ್ತದೆ. ಮಗುವಿನ ಕಂಕುಳಿಗೆ ಕೈ ಕೊಟ್ಟು, ಹೆಬ್ಬೆರಳು ಅಗಲಿಸಿ, ದಿನಕ್ಕೆ ನಲವತ್ತು ಸಲ ಎತ್ತಿದರೆ ಇನ್ನೇನಾಗುತ್ತದೆ? ಬಾಣಂತಿಯರಿಗೆ, ಅಜ್ಜಿಯರಿಗೆ ಇದು ಬರುವುದು ಹೀಗೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮುಷ್ಟಿಯನ್ನು ನಿಧಾನ ಕಿರುಬೆರಳ ಕಡೆ ಬಾಗಿಸಿ ನೋಡಿ. ಆರೋಗ್ಯದ ಕೈಯಲ್ಲೂ ಸ್ವಲ್ಪ ಎಳೆತ ಇರುತ್ತದೆ, ಆದ್ದರಿಂದ ಎರಡೂ ಕೈ ಹೋಲಿಸಿ. ಒಂದರಲ್ಲಿ ಮಾತ್ರ ಚುಳ್ ಎಂದರೆ ಅನುಮಾನ ಬಲವಾಗುತ್ತದೆ.

ಇದಕ್ಕೆ ಹೆಬ್ಬೆರಳನ್ನೂ ಹಿಡಿದಿಡುವ ಬೆಲ್ಟ್ ಬೇಕು. ನಾನು ಮೊದಲು ಮೆಡಿಕಲ್ ಶಾಪಿನಲ್ಲಿ ಮಾಮೂಲಿ ಮಣಿಕಟ್ಟಿನ ಬೆಲ್ಟ್ ತಂದು ಹದಿನೈದು ದಿನ ಕಟ್ಟಿಕೊಂಡೆ. ಹೆಬ್ಬೆರಳು ಆರಾಮಾಗಿ ಆಡಿಕೊಂಡೇ ಇತ್ತು! ಮಗುವನ್ನು ಎತ್ತುವ ರೀತಿಯೂ ಬದಲಾಗಬೇಕು. ಅಂಗೈ ಮೇಲೆ ಮಾಡಿ, ಒಂದು ಕೈ ಕುಂಡಿಯ ಕೆಳಗೆ, ಇನ್ನೊಂದು ಬೆನ್ನಿಗೆ ಕೊಟ್ಟು ಮೊರ ಎತ್ತುವ ಹಾಗೆ ಎತ್ತಿ. ಇಷ್ಟಕ್ಕೂ ಬಗ್ಗದಿದ್ದರೆ ಆ ತೂಬಿನೊಳಗೆ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಬಹಳ ಜನರಿಗೆ ಅದರಲ್ಲೇ ಇಳಿಯುತ್ತದೆ.

ನೋವಿಗಿಂತ ಜೋಮು ಜಾಸ್ತಿಯಾ? ರಾತ್ರಿ ಎಚ್ಚರವಾಗಿ ಕೈ ಕೊಡವಬೇಕು ಅನ್ನಿಸುತ್ತದೆಯಾ? ಆಗ ನೋಡಬೇಕಾದ್ದು ಕಾರ್ಪಲ್ ಟನಲ್. ಅಂಗೈ ಬುಡದ ಸುರಂಗದಲ್ಲಿ 9 ಹುರಿಗಳ ಜೊತೆ ಒಂದು ನರ ಇಕ್ಕಟ್ಟಿನಲ್ಲಿ ಸಾಗುತ್ತದೆ. ಒಳಗೆ ಚೂರು ಊದಿದರೂ ಪೆಟ್ಟು ನರಕ್ಕೆ. ಯಾವ ಬೆರಳು ಜೋಮು ಹಿಡಿಯುತ್ತದೆ ಗಮನಿಸಿ: ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ. ಕಿರುಬೆರಳಿಗೆ ಈ ನರ ಹೋಗುವುದಿಲ್ಲ. ಕಿರುಬೆರಳೇ ಜುಮ್ ಅನ್ನುತ್ತಿದ್ದರೆ ಕಾರಣ ಮೊಣಕೈಯಲ್ಲೋ ಕುತ್ತಿಗೆಯಲ್ಲೋ ಇರಬಹುದು.

ನಮಸ್ಕಾರವನ್ನು ತಲೆಕೆಳಗೆ ಮಾಡಿ ನೋಡಿ. ಎರಡೂ ಕೈಯ ಹಿಂಭಾಗ ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖ ಮಾಡಿ, 60 ಸೆಕೆಂಡ್ ಹಿಡಿಯಿರಿ. ಅಷ್ಟರೊಳಗೆ ಆ ಬೆರಳುಗಳು ಜೋಮು ಹಿಡಿದರೆ ಡಾಕ್ಟರಿಗೆ ಹೇಳಲು ಒಂದು ಸುಳಿವು ಸಿಕ್ಕಿತು. ಬಸುರಿಯರಲ್ಲಿ, ಸಕ್ಕರೆ ಕಾಯಿಲೆ ಇದ್ದವರಲ್ಲಿ, ಥೈರಾಯ್ಡ್ ಕಡಿಮೆ ಇದ್ದವರಲ್ಲಿ ಇದು ಹೆಚ್ಚು. 'ವಾಯು' ಅಂತ ಬೆಳ್ಳುಳ್ಳಿ ತಿನ್ನುವ ಬದಲು ಆ ಎರಡು ರಕ್ತಪರೀಕ್ಷೆ ಮಾಡಿಸಿ. ಕಂಪ್ಯೂಟರ್ ಕೀಬೋರ್ಡ್ ಮೇಲೆ ಎಲ್ಲರೂ ತಪ್ಪು ಹೊರಿಸುತ್ತಾರೆ, ಆದರೆ ಅದರ ವಿರುದ್ಧ ಪುರಾವೆ ಅಷ್ಟು ಗಟ್ಟಿ ಇಲ್ಲ. ದಿನವಿಡೀ ನಡುಗುವ ಡ್ರಿಲ್, ಕಲ್ಲು ಕತ್ತರಿಸುವ ಮೆಷಿನ್ ಬಿಗಿಯಾಗಿ ಹಿಡಿಯುವವರ ಕೈಗೇ ಅಪಾಯ ಜಾಸ್ತಿ.

ಇಲ್ಲಿ ಮಾಮೂಲಿ ಬೆಲ್ಟ್ ಸಾಕು, ಆದರೆ ಕಟ್ಟಬೇಕಾದ್ದು ರಾತ್ರಿ. ನಿದ್ದೆಯಲ್ಲಿ ನಾವು ಕೈ ಮಡಚಿ ತಲೆದಿಂಬಿನ ಕೆಳಗೆ ತುರುಕುತ್ತೇವೆ ಅಲ್ವಾ, ಆಗ ಸುರಂಗ ಇನ್ನೂ ಕಿರಿದಾಗುತ್ತದೆ. ಮಣಿಕಟ್ಟು ನೇರವಾಗಿ ನಿಲ್ಲುವ ಹಾಗೆ ಕಟ್ಟಿ, ಆರು ವಾರ ಬಿಡದೆ ಮಾಡಿ. ಗುಂಡಿ ಹಾಕಲು ಕಷ್ಟ, ಕೈಯಿಂದ ಲೋಟ ಜಾರುತ್ತದೆ, ಹೆಬ್ಬೆರಳ ಬುಡದ ಉಬ್ಬು ಚಪ್ಪಟೆಯಾಗಿದೆ ಅಂದರೆ ಆರು ವಾರವೂ ಕಾಯಬೇಡಿ. ನರ ಸೊರಗುತ್ತಿದೆ. ಸುರಂಗದ ಚಾವಣಿ ಬಿಡಿಸುವ ಆಪರೇಷನ್ ಚಿಕ್ಕದು, ತಡ ಮಾಡಿದರೆ ಕಳೆದುಕೊಳ್ಳುವುದು ದೊಡ್ಡದು.

ಕೈಯ ಹಿಂಭಾಗದಲ್ಲಿ ನೆಲ್ಲಿಕಾಯಿಯಷ್ಟು ಗಂಟು ಇದ್ದರೆ ಅದು ಗ್ಯಾಂಗ್ಲಿಯಾನ್ ಇರಬಹುದು, ಒಳಗೆ ಲೋಳೆಯಂಥ ದ್ರವ. ನೋವಿಲ್ಲದಿದ್ದರೆ ಒಮ್ಮೆ ತೋರಿಸಿ ಸುಮ್ಮನಿರಿ, ಎಷ್ಟೋ ತಾವಾಗಿಯೇ ಕರಗುತ್ತವೆ. ಹಿಂದೆ ದಪ್ಪ ಪುಸ್ತಕದಿಂದ ಬಡಿದು ಒಡೆಯುತ್ತಿದ್ದರಂತೆ. ನೀವು ಆ ಸಾಹಸ ಮಾಡಬೇಡಿ.

ಕಿರುಬೆರಳ ಕಡೆ ನೋವು, ಬೀಗದ ಕೈ ತಿರುಗಿಸಿದರೆ ಕಟಕ್ ಅನ್ನುವುದು: ಅಲ್ಲಿ ಮೂಳೆಗಳ ನಡುವಿನ ಮೆತ್ತೆಗೆ ಪೆಟ್ಟಾಗಿರಬಹುದು. ಎರಡೂ ಮಣಿಕಟ್ಟು ಊದಿ, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಕೈ ಬಿಗಿದಿದ್ದರೆ ಅದು ಇಡೀ ಮೈಯ ಸಂಧಿವಾತ ಇರಬಹುದು. ಅದಕ್ಕೆ ಬೇಗ ಔಷಧಿ ಶುರು ಮಾಡಿದಷ್ಟೂ ಕೀಲು ಉಳಿಯುತ್ತದೆ.

ಹೆಜ್ಜೆ 3: ಈ ವಾರದ ಆರೈಕೆ

ಐಸ್ ತುಂಡನ್ನು ಕರವಸ್ತ್ರದಲ್ಲಿ ಸುತ್ತಿ 10–15 ನಿಮಿಷ ಇಡಿ, ದಿನಕ್ಕೆ ಮೂರು ಸಲ. ಬರಿ ಚರ್ಮಕ್ಕೆ ಐಸ್ ಬೇಡ. ಡೈಕ್ಲೋಫೆನಾಕ್ ಜೆಲ್ ಅನ್ನು ನೋವಿರುವ ಜಾಗಕ್ಕೆ ಮಾತ್ರ ತೆಳ್ಳಗೆ ಹಚ್ಚಿ. ಬಸುರಿಯರು ಜೆಲ್ ಹಚ್ಚುವ ಮೊದಲೂ ಕೇಳಬೇಕು. ನೋವಿನ ಮಾತ್ರೆಯನ್ನು ಬಿಪಿ, ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇದ್ದವರು ತಾವಾಗಿಯೇ ನುಂಗಬಾರದು.

ವಿಶ್ರಾಂತಿ ಅಂದರೆ ಕೈ ಕಟ್ಟಿ ಕೂರುವುದಲ್ಲ. ಯಾವ ಕೆಲಸ ನೋವು ತರುತ್ತದೋ ಅದನ್ನಷ್ಟೇ ಎರಡು ವಾರ ಬಿಡಿ ಅಥವಾ ಬೇರೆಯವರಿಗೆ ಕೊಡಿ. ನಮ್ಮ ಮನೆಯಲ್ಲಿ ಚಪಾತಿ ಲಟ್ಟಿಸುವುದು ಯಜಮಾನರ ಪಾಲಿಗೆ ಬಂತು. ಆಕಾರದ ಬಗ್ಗೆ ನಾನು ಮಾತಾಡಲಿಲ್ಲ.

ಹೆಜ್ಜೆ 4: ಕೆಲಸದ ರೀತಿ ಬದಲಿಸಿ

ಒದ್ದೆ ಬಟ್ಟೆಯನ್ನು ನಲ್ಲಿಗೆ ಸುತ್ತಿ, ಎರಡೂ ತುದಿ ಸೇರಿಸಿ ತಿರುಚಿ. ಕುಕ್ಕರನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಮುದ್ದೆ ತಿರುವುವಾಗ ಕೋಲನ್ನು ಎರಡು ಕೈಯಲ್ಲಿ ಹಿಡಿದು ಭುಜದಿಂದ ತಿರುವಿ, ಮಣಿಕಟ್ಟಿಂದಲ್ಲ. ಮೊಬೈಲಿನಲ್ಲಿ ಉದ್ದ ಮೆಸೇಜನ್ನು ಹೆಬ್ಬೆರಳಲ್ಲಿ ಕುಟ್ಟುವ ಬದಲು ಬಾಯಲ್ಲಿ ಹೇಳಿ ಬರೆಸಿ. ಬೈಕಿನ ಕ್ಲಚ್ ಗಟ್ಟಿಯಾಗಿದ್ದರೆ ಮೆಕ್ಯಾನಿಕ್ ಹತ್ತಿರ ಸರಿ ಮಾಡಿಸಿ. ಎಡಗೈ ನೋವಿಗೆ ಇಷ್ಟೇ ಕಾರಣ ಇರಬಹುದು.

ಹೆಜ್ಜೆ 5: ನೋವು ಇಳಿದ ಮೇಲೆ ವ್ಯಾಯಾಮ

ಇಳಿಯುವ ಮೊದಲು ಬೇಡ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಅಂಚಿನಿಂದ ಹೊರಗೆ ಚಾಚಿ, ಮೆಲ್ಲಗೆ ಮೇಲೆ ಕೆಳಗೆ 10 ಸಲ ಆಡಿಸಿ. ಆಮೇಲೆ ಬೆರಳು ನೇರ, ಕೊಕ್ಕೆ, ಮುಷ್ಟಿ, ಹೀಗೆ ಒಂದರ ಹಿಂದೆ ಒಂದು 10 ಸಲ. ಬೆಳಿಗ್ಗೆ ಸಂಜೆ ಸಾಕು. ಒಂದೆರಡು ವಾರ ಕಳೆದ ಮೇಲೆ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮಾಡಬಹುದು. ಜೋಮು ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಿ.

ಎರಡು ವಾರ (ಜೋಮಿಗೆ ರಾತ್ರಿ ಬೆಲ್ಟ್ ಕಟ್ಟುತ್ತಿದ್ದರೆ ಆರು ವಾರ) ಹೀಗೆಲ್ಲ ಮಾಡಿಯೂ ಕಡಿಮೆಯಾಗಲಿಲ್ಲವಾ, ಮೂಳೆ ಡಾಕ್ಟರಿಗೆ ತೋರಿಸಿ. ಮಣಿಕಟ್ಟು ಕೆಂಪಗೆ ಊದಿ ಬಿಸಿಯಾಗಿದ್ದು ಜ್ವರವೂ ಇದ್ದರೆ ಅದೇ ದಿನ ಹೋಗಿ, ಕೀಲಿನಲ್ಲಿ ಸೋಂಕು ಇರಬಹುದು. ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ನೋವು ಯಾವ ಕೆಲಸಕ್ಕೆ ಬರುತ್ತದೆ, ರಾತ್ರಿ ಏಳಿಸುತ್ತದಾ, ಯಾವ ಬೆರಳು ಜೋಮು. ಮುಲಾಮನ್ನು ಅವತ್ತು ಹಚ್ಚಿಕೊಂಡು ಹೋಗಬೇಡಿ. ನನ್ನ ಕೈ ಹಿಡಿದ ಡಾಕ್ಟರು ಆಮೇಲೆ ಮೂರು ಸಲ ಸೋಪು ಹಾಕಿ ತೊಳೆದುಕೊಂಡರು.