ಗಸಿ ಅಂತ ಚೆಲ್ಲಿದ್ದರಲ್ಲೇ ಔಷಧಿ ಇತ್ತು

ಚೀನಾದ ಚೆಂಗ್ಡುನಲ್ಲಿ ಪೋಸ್ಟ್‌ಡಾಕ್, ಅಂದ್ರೆ ಪಿಎಚ್‌ಡಿ ಆದ್ಮೇಲಿನ ಸಂಶೋಧನೆ, ಮಾಡ್ತಿದ್ದಾಗ ನನ್ನ ಕೈಗೆ ಬಂದಿದ್ದು ಚೀನೀ ಔಷಧಿಯ ಎರಡು ಬೇರು, ಹುವಾಂಗ್‌ಲಿಯನ್ ಮತ್ತೆ ಹುವಾಂಗ್‌ಚಿನ್. ಹುವಾಂಗ್‌ಲಿಯನ್ ನೋಡೋಕೆ ಕೋಳಿ ಕಾಲಿನ ಥರ, ಮುರಿದ್ರೆ ಒಳಗೆ ಅಚ್ಚ ಹಳದಿ, ನಾಲಿಗೆಗೆ ಇಟ್ರೆ ನೆಲಬೇವನ್ನೂ ಮರೆಸೋ ಅಷ್ಟು ಕಹಿ. ಅಲ್ಲಿನವ್ರ ಒಂದು ಮಾತಿದೆ, ಮೂಗ ಹುವಾಂಗ್‌ಲಿಯನ್ ತಿಂದ ಹಾಗೆ, ಕಹಿ ಅಂತ ಹೇಳ್ಕೊಳ್ಳೋಕೂ ಆಗಲ್ಲ ಅಂತ. ಆ ಹಳದಿ ಬೆರ್ಬೆರಿನ್ ಅನ್ನೋ ರಾಸಾಯನಿಕದ್ದು, ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲಿರೋದೂ ಅದೇ, ಹಾಗಾಗಿ ಮೊದಲ ದಿನ ಬೇರು ಮುರಿದಾಗ ಊರಿನವ್ರು ಸಿಕ್ಕ ಹಾಗೇ ಆಯ್ತು ನಂಗೆ.

ಕೆಲಸ ಏನಪ್ಪಾ ಅಂದ್ರೆ ಎರಡನ್ನೂ ಸೇರಿಸಿ ಕಷಾಯ ಮಾಡಿ, ಇಲಿಗಳಿಗೆ ಕುಡಿಸಿ, ರಕ್ತಕ್ಕೆ ಏನು ಎಷ್ಟು ಸೇರುತ್ತೆ ಅಂತ ಅಳೆಯೋದು. ಶುರುವಿನಲ್ಲೇ ಒಂದು ಪೆಟ್ಟು ತಿಂದೆ. ಹುವಾಂಗ್‌ಚಿನ್ ಹಸಿಯಾಗೇ ಒಣಗಿಸಿದ್ದನ್ನ ಪುಡಿ ಮಾಡಿ ರಾತ್ರಿ ತಣ್ಣೀರಲ್ಲಿ ನೆನೆಹಾಕಿದ್ದೆ, ಬೆಳಿಗ್ಗೆ ನೋಡಿದ್ರೆ ಹಳದಿ ಹೋಗಿ ಹಸಿರು. ಬೇರಿನೊಳಗಿನ ಎಂಜೈಮ್ ತಣ್ಣೀರು ಸಿಕ್ಕಿದ ಕೂಡಲೇ ಅದರ ಮುಖ್ಯ ಔಷಧಿ ಅಂಶ ಬೈಕಲಿನ್‌ನ ಒಡೆದು ಹಾಕುತ್ತೆ. ಅದಕ್ಕೇ ಹಳಬರು ಈ ಬೇರನ್ನ ಮೊದಲು ಹಬೆಯಲ್ಲಿ ಬೇಯಿಸಿ ಆಮೇಲೆ ಹೆಚ್ಚೋದು, ಬಿಸಿಗೆ ಎಂಜೈಮ್ ಸಾಯುತ್ತೆ.

ಅದನ್ನ ಸರಿ ಮಾಡ್ಕೊಂಡೆ, ಆದ್ರೆ ದೊಡ್ಡ ಸಮಸ್ಯೆ ಆಮೇಲೆ ಬಂತು. ಹುವಾಂಗ್‌ಲಿಯನ್ ಒಂದನ್ನೇ ಕುದಿಸಿದ್ರೆ ಎಚ್‌ಪಿಎಲ್‌ಸಿಯಲ್ಲಿ, ಅಂದ್ರೆ ದ್ರಾವಣದಲ್ಲಿ ಯಾವ ಅಂಶ ಎಷ್ಟಿದೆ ಅಂತ ಬೇರೆ ಮಾಡಿ ಅಳೆಯೋ ಯಂತ್ರದಲ್ಲಿ, ಬೆರ್ಬೆರಿನ್ ಪೀಕ್ ಎತ್ತರಕ್ಕೆ ಬರೋದು, ಎರಡೂ ಸೇರಿಸಿ ಕುದಿಸಿದ್ರೆ ಕುಸಿದು ಬೀಳೋದು. ಬೇರು ಕಳಪೆ ಇರಬೇಕು ಅಂದ್ಕೊಂಡು ಚೆಕ್ ಮಾಡಿದ್ರೆ ಚೀನಾ ಫಾರ್ಮಕೋಪಿಯ, ಅಂದ್ರೆ ಔಷಧಿಗಳ ಗುಣಮಟ್ಟದ ಅಧಿಕೃತ ಪುಸ್ತಕ, ಕೇಳೋ 5.5% ಬೆರ್ಬೆರಿನ್‌ಗಿಂತ ಜಾಸ್ತೀನೇ ಇತ್ತು. ಯಂತ್ರದ ಕಾಲಮ್ ಬದಲಾಯಿಸಿದೆ, ಹೋಲಿಸೋಕೆ ಹೊಸ ಸ್ಟ್ಯಾಂಡರ್ಡ್ ದ್ರಾವಣ ಮಾಡಿದೆ, ತಿಂಗಳುಗಟ್ಟಲೆ ಹೀಗೇ ಹೋಯ್ತು.

ನಮ್ಮ ಲ್ಯಾಬ್‌ನಲ್ಲಿ ವಯಸ್ಸಾದ ಟೆಕ್ನಿಷಿಯನ್ ಒಬ್ರಿದ್ರು, ಎಲ್ರೂ ಅವ್ರನ್ನ ಲಾವ್‌ಶಿ ಅಂತಾನೇ ಕರೆಯೋದು, ಅಂದ್ರೆ ಟೀಚರ್. ನಾನು ಕಷಾಯನ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರಗಿರ ತಿರುಗಿಸಿ ಮೇಲಿನ ತಿಳಿ ತಗೊಂಡು ಟ್ಯೂಬ್ ತಳದಲ್ಲಿದ್ದ ಹಳದಿ ಗಸೀನ ಸಿಂಕಿಗೆ ಚೆಲ್ಲೋದನ್ನ ನೋಡಿ, "ಅದ್ಯಾಕೆ ಬಿಸಾಕ್ತೀಯ, ಮನೇಲಿ ನಾವು ಬಟ್ಟಲು ಅಲ್ಲಾಡಿಸಿ ಅದನ್ನೂ ಕುಡೀತೀವಲ್ಲ" ಅಂದ್ರು.

ಅವತ್ತೇ ಎರಡು ಬೇರನ್ನೂ ಬೇರೆ ಬೇರೆ ಕುದಿಸಿ, ಎರಡೂ ತಿಳಿಯಾಗೇ ಇತ್ತು, ಒಂದು ಲೋಟದಲ್ಲಿ ಸೇರಿಸಿದೆ. ನೋಡ್ತಾ ನೋಡ್ತಾ ಬಗ್ಗಡ ಆಯ್ತು, ಅರಿಶಿನದ ನೀರಿಗೆ ಮಜ್ಜಿಗೆ ಹಾಕಿದ ಹಾಗೆ. ಆ ಗಸೀನ ಸ್ವಲ್ಪ ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿದ ಮೆಥನಾಲ್‌ನಲ್ಲಿ ಕರಗಿಸಿ ಎಚ್‌ಪಿಎಲ್‌ಸಿಯಲ್ಲಿ ನೋಡಿದ್ರೆ ಕಾಣೆಯಾಗಿದ್ದ ಬೆರ್ಬೆರಿನ್ ಅಲ್ಲಿತ್ತು, ಜೊತೆಗೆ ಬೈಕಲಿನ್ ಕೂಡ. ಬೆರ್ಬೆರಿನ್‌ಗೆ ಧನ ಚಾರ್ಜ್, ಬೈಕಲಿನ್‌ನಲ್ಲಿ ಆಸಿಡ್ ಗುಂಪು ಇರೋದ್ರಿಂದ ಋಣ, ಎರಡೂ ಅಂಟ್ಕೊಂಡು ಕೆಳಗೆ ಕೂರುತ್ತೆ. ಇದನ್ನ ನಂಗಿಂತ ಮುಂಚೆ ಬೇರೆಯವ್ರು ಪೇಪರ್‌ಗಳಲ್ಲಿ ಬರೆದಿದ್ರು, ನಾನು ಓದಿರಲಿಲ್ಲ, ಅಷ್ಟೇ.

ಇನ್ನೊಂದು ವಿಷಯ, ಬಾಯಿಂದ ಕೊಟ್ಟ ಬೆರ್ಬೆರಿನ್‌ನಲ್ಲಿ 1% ಕೂಡ ರಕ್ತಕ್ಕೆ ಸೇರಲ್ಲ, ಆದ್ರೂ 2004ರಲ್ಲಿ ಚೀನಾದ ತಂಡವೊಂದು ಇದು ಕೊಲೆಸ್ಟ್ರಾಲ್‌ಗೆ ಸಾಮಾನ್ಯವಾಗಿ ಕೊಡೋ ಸ್ಟ್ಯಾಟಿನ್ ಮಾತ್ರೆಗಳಿಗಿಂತ ಬೇರೆ ದಾರೀಲಿ ಕೊಲೆಸ್ಟ್ರಾಲ್ ಇಳಿಸುತ್ತೆ ಅಂತ ತೋರಿಸ್ತು. ಅದು ಹೇಗೆ ಅನ್ನೋದಕ್ಕೆ ಉತ್ತರದ ಒಂದು ಭಾಗ ಕರುಳಿನ ಬ್ಯಾಕ್ಟೀರಿಯಾಗಳಲ್ಲಿದೆ, ಅವು ಬೆರ್ಬೆರಿನ್‌ನ ಡೈಹೈಡ್ರೋಬೆರ್ಬೆರಿನ್ ಮಾಡ್ತವೆ, ಅದು ಸುಲಭವಾಗಿ ಒಳಗೆ ಹೋಗಿ ಮತ್ತೆ ಬೆರ್ಬೆರಿನ್ ಆಗುತ್ತೆ. ಬೈಕಲಿನ್‌ನ ಸಕ್ಕರೆ ತುಂಡು ಕತ್ತರಿಸೋದೂ ಅವೇ. ಅಂದ್ಮೇಲೆ ಗಸಿ ಕರಗದೇ ಕರುಳಿಗೆ ಹೋದ್ರೂ ಅಲ್ಲಿ ಕೆಲಸಕ್ಕೆ ಬರಬಹುದು, ನೀರಲ್ಲಿ ಕರಗದೇ ಇರೋದು ವೇಸ್ಟ್ ಅಂತ ನಾನೇ ತೀರ್ಮಾನ ಮಾಡಿದ್ದು ಶುದ್ಧ ತಪ್ಪು.

ಈಗ ಊರಿಂದ ಬೆರ್ಬೆರಿನ್ ಕ್ಯಾಪ್ಸುಲ್ ತಗೋಬಹುದಾ ಅಂತ ಫೋನ್ ಬರ್ತಿರುತ್ತೆ. ಬೇರೆ ಮಾತ್ರೆ ನುಂಗ್ತಿರೋರು, ಅದ್ರಲ್ಲೂ ಕಿಡ್ನಿ ಕಸಿ ಆಗಿ, ದೇಹ ಅದನ್ನ ತಿರಸ್ಕರಿಸದ ಹಾಗೆ ಸೈಕ್ಲೋಸ್ಪೊರಿನ್ ತಗೊಳ್ಳೋರು, ಡಾಕ್ಟರ್ ಕೇಳದೆ ಮುಟ್ಟಲೇಬೇಡಿ, ರಕ್ತದಲ್ಲಿ ಸೈಕ್ಲೋಸ್ಪೊರಿನ್ ಮಟ್ಟ ಏರುತ್ತೆ. ಬಸುರಿಯರು, ಎಳೆ ಕೂಸುಗಳಿಗಂತೂ ಬೇಡವೇ ಬೇಡ, ಕೂಸಿನ ಕಾಮಾಲೆ ಜಾಸ್ತಿ ಮಾಡಬಹುದು.

ಲ್ಯಾಬ್‌ನಲ್ಲಿ ಈಗ ಪ್ರತಿ ಬ್ಯಾಚ್‌ಗೂ ಮೂರು ಬಾಟಲಿ ಇಡ್ತೀನಿ, ತಿಳಿ, ಗಸಿ, ಎರಡೂ ಸೇರಿದ್ದು. ಇಲಿಗಳಿಗೆ ಮೂರನೇದನ್ನ ಕೊಡೋ ಮುಂಚೆ ಬಾಟಲಿ ಚೆನ್ನಾಗಿ ಅಲ್ಲಾಡಿಸ್ತೀನಿ.